ಎಣ್ಣಿ ಆಫ್ ಆಗಿಲ್ಲ

ಟಿಪ್ಪರ್‌ನ ತೊಟ್ಟಿ ಮೇಲೇಳಲು ಇಂಜಿನ್ ಬೇಕು. ಇಳಿಯಲು ಏನೂ ಬೇಡ, ಅದರ ಭಾರವೇ ಸಾಕು. ಇದನ್ನು ನಾನು ಕಲಿತದ್ದು ಒಂಬತ್ತನೇ ವಯಸ್ಸಿನಲ್ಲಿ, ಅಪ್ಪ ಆ ತೊಟ್ಟಿಯ ಕೆಳಗಿದ್ದಾಗ.

ಕುಡತಿನಿಯಲ್ಲಿ ಬಳ್ಳಾರಿ–ಹೊಸಪೇಟೆ ಹೆದ್ದಾರಿಗೆ ಅಂಟಿಕೊಂಡಂತೆ ನಮ್ಮ ಗ್ಯಾರೇಜು. ಥರ್ಮಲ್‌ನ ಮೊದಲ ಘಟಕ ಶುರುವಾದದ್ದು 2007ರಲ್ಲಿ; ಇದು ಅದಕ್ಕೂ ಮುಂಚಿನ ಮಾತು, ಅದಿರು ಲಾರಿಗಳ ಕಾಲ. ಪೈಪು ಸೋರುತ್ತಿದೆಯೆಂದು ತೊಟ್ಟಿ ಎತ್ತಿ ನಿಲ್ಲಿಸಿದ್ದರು. ಇಂಜಿನ್ ಆಫ್ ಆಗಿತ್ತು. ನಾನು ಕ್ಯಾಬಿನ್ ಹತ್ತಿ ಡ್ರೈವರ್ ಆಟ ಆಡುತ್ತ ಕೈಗೆ ಸಿಕ್ಕ ಲಿವರ್ ಎಳೆದೆ. ಸಿಲಿಂಡರಿನ ಎಣ್ಣೆಗೆ ಟ್ಯಾಂಕಿನ ದಾರಿ ತೆರೆಯಿತು. ತೊಟ್ಟಿ ಒಂದು ಗೇಣು ಇಳಿದು ಧಡ್ ಎಂದು ನಿಂತಿತು. ನಿಲ್ಲಿಸಿದ್ದು ಅಪ್ಪ ಚಾಸಿಯ ಮೇಲೆ ಆನಿಸಿಟ್ಟಿದ್ದ ಗರ್ಡರ್ ತುಂಡು. ಬೇರೆಯವರು ಅಲ್ಲಿ ಜಾಕ್ ಇಡುತ್ತಿದ್ದರು. ಎಣ್ಣೆ ಕೈಕೊಟ್ಟರೆ ಇರಲೆಂದು ಇನ್ನೊಂದು ಎಣ್ಣೆ!

ಅಪ್ಪ ಹೊಡೆಯಲಿಲ್ಲ. ರಾತ್ರಿ ಉಣ್ಣುವಾಗ ಅಷ್ಟೇ ಹೇಳಿದ: "ಗಾಡಿ ಆಫ್ ಆಗಿತ್ತು, ಎಣ್ಣಿ ಆಫ್ ಆಗಿದ್ದಿಲ್ಲ."

ಅಂದಿನಿಂದ ಅವನ ಕ್ರಮ ಬದಲಾಯಿತು. ಮೊದಲು ಕೀಲಿ ಲುಂಗಿಯ ಮಡಿಕೆಗೆ. ಗರ್ಡರ್ ಇಟ್ಟ ಮೇಲೆ ತಾನೇ ಲಿವರ್ ಇಳಿಸಿ, ತೊಟ್ಟಿಯ ಭಾರವನ್ನೆಲ್ಲ ಅದರ ಮೇಲೆ ಕೂರಿಸುತ್ತಾನೆ. ಆಗ ಸಿಲಿಂಡರಿನ ಒತ್ತಡ ಇಳಿಯುತ್ತದೆ. ಆಮೇಲೂ ಪೈಪಿನ ನಟ್ಟನ್ನು ತುಸುವೇ ಸಡಿಲಿಸಿ, ಮುಖ ಪಕ್ಕಕ್ಕೆ ಹಿಡಿದು ಕಾಯುತ್ತಾನೆ. ಸೋರುವ ಜಾಗವನ್ನು ಎಂದೂ ಬೆರಳಿನಿಂದ ಹುಡುಕುವುದಿಲ್ಲ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗಾಯ, ಒಳಗೆ ಬೆರಳೇ ಹೋಗಬಹುದು. ಅದಕ್ಕೆ ರಟ್ಟಿನ ತುಂಡು.

ಗಾಳಿಯದು ಬೇರೆ ಸ್ವಭಾವ. ಅದು ಟ್ಯಾಂಕಿನಲ್ಲಿ ಕುಗ್ಗಿ ಕೂತು ಕಾಯುತ್ತದೆ, ಖಾಲಿ ಮಾಡಬೇಕು. ಖಾಲಿ ಮಾಡಿದೊಡನೆ ಹಿಂದಿನ ಬ್ರೇಕಿನ ಸ್ಪ್ರಿಂಗ್ ಚಾಚಿಕೊಂಡು ಗಾಲಿಯನ್ನು ಹಿಡಿಯುತ್ತದೆ. ಆ ಸ್ಪ್ರಿಂಗನ್ನು ಬೋಲ್ಟಿನಿಂದ ಕಟ್ಟಿಹಾಕದೆ ಅದರ ಡಬ್ಬಿ ಬಿಚ್ಚುವಂತಿಲ್ಲ.

ಪಿಎಚ್.ಡಿ.ಗಾಗಿ ನಾನೀಗ ಕಾರ್ಖಾನೆಗಳ ಸುರಕ್ಷಾ ಫಲಕಗಳ ಕನ್ನಡ ಓದುತ್ತಿದ್ದೇನೆ. ಅಪ್ಪನ ಕ್ರಮಕ್ಕೆ ಅಲ್ಲಿ ಲಾಕೌಟ್ ಎಂದು ಹೆಸರು. ಅಮೆರಿಕದಲ್ಲಿ 1989ರಲ್ಲಿ ಅದು ನಿಯಮವೇ ಆಯಿತು: ಕೆಲಸಗಾರನಿಗೆ ಅವನದೇ ಬೀಗ, ಸ್ವಿಚ್ ಆರಿಸಿದ ಮೇಲೂ ಉಳಿಯುವ ಒತ್ತಡ, ಸ್ಪ್ರಿಂಗ್, ಎತ್ತಿಟ್ಟ ಭಾರ ಎಲ್ಲವನ್ನೂ ಇಲ್ಲವಾಗಿಸಿ, ಪರೀಕ್ಷಿಸಿಯೇ ಕೈಹಾಕಬೇಕು. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಲಾಕೌಟ್ ಎಂದರೆ ಮಾಲೀಕ ಗೇಟಿಗೆ ಬೀಗ ಹಾಕುವುದು. ಪದ ಒಂದೇ, ಕೀಲಿ ಯಾರ ಜೇಬಿನಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ನನ್ನ ಗೈಡ್‌ಗೆ ಈ ಮಾತು ಹಿಡಿಸಿತು. ಅಪ್ಪನಿಗೆ ಹೇಳಿದರೆ, "ಈ ಗಾಡಿಗೆ ಬಾಗಿಲಾ ಸರಿಯಿಲ್ಲ, ಬೀಗ ಎಲ್ಲಿ ಹಾಕ್ಲಿ?" ಎಂದ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬೂದಿ ಹೊರುವ ಟಿಪ್ಪರ್ ಬಂದಿತ್ತು. ಅಪ್ಪ ಗರ್ಡರ್ ಇಟ್ಟ, ಭಾರ ಕೂರಿಸಿದ, ಕೀಲಿ ಸಿಕ್ಕಿಸಿಕೊಂಡ. ಬಗ್ಗಿ ಒಳಗೆ ಹೋಗುವ ಮೊದಲು ಕೇಳಿದ, "ಕ್ಯಾಬಿನ್‌ದಾಗ ಯಾರದಾರ?"

"ಯಾರೂ ಇಲ್ಲ" ಎಂದೆ.

ಒಂದು ಕ್ಷಣ ನಿಂತ. ಆಮೇಲೆ ಸುತ್ತಿ ಬಂದು, ಮೆಟ್ಟಿಲು ಹತ್ತಿ, ತಾನೇ ಇಣುಕಿ ನೋಡಿದ.