ಊರ ಬಾಯಿಗೆ ಕಾಯ್ದೆ ಇಲ್ಲ

ಅಬ್ಬೆತುಮಕೂರಿನ ಆಸುಪಾಸಿನ ಹುಡುಗ ಅವನು. ಊರು ಯಾವುದು, ಹೆಸರೇನು ಎಂದು ಕೇಳಬೇಡಿ. ಅಂಥ ಮಕ್ಕಳ ಗುರುತು ಪತ್ರಿಕೆಯಲ್ಲಿ ಬರಕೂಡದೆಂದು ಕಾನೂನೇ ಹೇಳುತ್ತದೆ. ಅಪ್ಪ, ಅವ್ವ ದುಡಿಯಲು ಬೆಂಗಳೂರಿಗೆ ಗುಳೆ ಹೋಗಿದ್ದರು. ಅಜ್ಜಿಯ ಜೊತೆಗಿದ್ದವನು ಒಂದು ದಿನ ಸಂತೆಯಲ್ಲಿ ಯಾರದೋ ಮೊಬೈಲ್ ಎತ್ತಿಕೊಂಡ, ಸಿಕ್ಕಿಬಿದ್ದ. ಕಂಬಕ್ಕೆ ಕಟ್ಟಿ ಎಂದವರೂ ಇದ್ದರು. ಅಜ್ಜಿ ನಮ್ಮ ಮನೆಗೆ ಓಡಿ ಬಂದು, "ಸರ, ಹುಡುಗನ್ನ ಜೇಲಿಗೆ ಹಾಕ್ತಾರೇನ್ರಿ?" ಎಂದಳು.

ಠಾಣೆಗೆ ಹೋದೆವು. ಮಫ್ತಿಯಲ್ಲಿದ್ದ ಒಬ್ಬರು ಅವನನ್ನು ಬೆಂಚಿನ ಮೇಲೆ ಕೂರಿಸಿ ಮಾತಾಡಿಸುತ್ತಿದ್ದರು. ಪ್ರತಿ ಠಾಣೆಯಲ್ಲೂ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂಬುದು 2015ರ ಬಾಲ ನ್ಯಾಯ ಕಾಯ್ದೆಯ ಕಟ್ಟಳೆ. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ, ಜೈಲಿಗೆ ಹಾಕುವಂತಿಲ್ಲ. ಒಂಟಿಯಾಗಿ ಮಾಡಿದ ಇಂಥ ಸಣ್ಣ ಅಪರಾಧಕ್ಕೆ ಎಫ್‌ಐಆರ್ ಕೂಡ ಇಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮನೆಯ ಹಿನ್ನೆಲೆಯ ವರದಿಯೊಂದಿಗೆ ಬಾಲ ನ್ಯಾಯ ಮಂಡಳಿಗೆ ಕಳಿಸುತ್ತಾರೆ. ಹಾಗೆಂದು ಎಲ್ಲವೂ ಮಾಫಿ ಎಂದಲ್ಲ. ಹದಿನಾರು ದಾಟಿದವನು ಕೊಲೆಯಂಥ ಘೋರ ಕೃತ್ಯ ಮಾಡಿದರೆ ದೊಡ್ಡವರಂತೆ ವಿಚಾರಣೆಗೂ ಒಳಪಡಬಹುದು.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳು. ಪರಿವೀಕ್ಷಣಾಧಿಕಾರಿ ಮನೆಗೇ ಬಂದರು. ಕದ್ದದ್ದರ ಬಗ್ಗೆ ಕೇಳಿದ್ದು ಕಡಿಮೆ. ರಾತ್ರಿ ಊಟಕ್ಕೆ ಏನಿರುತ್ತದೆ, ಗೆಳೆಯರು ಯಾರು, ಶಾಲೆ ಬಿಟ್ಟು ಎಷ್ಟು ದಿನವಾಯಿತು, ಅಪ್ಪನ ಫೋನು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಈ ಕೊನೆಯ ಪ್ರಶ್ನೆಗೆ ಹುಡುಗ ಉತ್ತರ ಕೊಡಲಿಲ್ಲ. ಆರು ತಿಂಗಳಿಂದ ಅವನು ಶಾಲೆಯ ಕಡೆ ತಲೆ ಹಾಕಿಲ್ಲವೆಂಬುದು ಅಪ್ಪನಿಗೆ ಗೊತ್ತಾದದ್ದೂ ಆಗಲೇ.

ಮಂಡಳಿ ಬುದ್ಧಿ ಹೇಳಿ, ಆಪ್ತ ಸಮಾಲೋಚನೆಗೆ ಬರುತ್ತಿರಬೇಕೆಂದು ಸೂಚಿಸಿ ಮನೆಗೆ ಕಳಿಸಿತು. ಅವ್ವ ಊರಲ್ಲೇ ಉಳಿದಳು. ಒಬ್ಬರ ಕೂಲಿ ನಿಂತಿತು. ಆ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ ಬಿಡಿ.

ಇಂಥ ಪ್ರಕರಣ ಮುಂದೆ ಓದಿಗಾಗಲಿ ನೌಕರಿಗಾಗಲಿ ಅಡ್ಡ ಬರಬಾರದು, ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು ಎಂದೂ ಕಾಯ್ದೆಯಲ್ಲಿದೆ. ಊರ ಬಾಯಿಗೆ ಮಾತ್ರ ಅಂಥ ಕಾಯ್ದೆ ಇಲ್ಲ. ಅವನು ಶಾಲೆಗೆ ಮರಳಿದ ವಾರದಲ್ಲೇ ಒಬ್ಬನ ಕಂಪಾಸ್ ಪೆಟ್ಟಿಗೆ ಕಾಣೆಯಾಯಿತು. ಇಡೀ ತರಗತಿ ಅವನ ಕಡೆ ತಿರುಗಿತು. ಪೆಟ್ಟಿಗೆ ಬೆಂಚಿನ ಕೆಳಗೇ ಬಿದ್ದಿತ್ತು. ಅಂದು ಸಂಜೆ ನನ್ನ ಹತ್ತಿರ ಬಂದು, "ನಾಳೆಯಿಂದ ಬರೂದಿಲ್ರಿ ಸರ" ಎಂದ.

ಮರುದಿನ ಆ ಪೆಟ್ಟಿಗೆಯ ಹುಡುಗನ ಅಪ್ಪ ಇವನ ಮನೆಗೆ ಹೋಗಿ, ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಶಾಲೆಗೆ ತಂದು ಬಿಟ್ಟ. ಯಾರೂ ಹೇಳಿ ಕಳಿಸಿರಲಿಲ್ಲ. ಹುಡುಗ ಈಗ ಹತ್ತನೆಯ ತರಗತಿ. ಗಣಿತವೊಂದೇ ತುಸು ಕಷ್ಟ.