ಎದಿ ಬಡಿತದ ಲೆಕ್ಕ

ಕೀಮೋ ಅಂದಕೂಡ್ಲೆ ಎಲ್ಲಾರೂ ಕೂದಲಾ ಉದರೋದು, ವಾಂತಿ ಆಗೋದು ಇವೆರಡರ ಬಗ್ಗೆನ ಕೇಳ್ತಾರ. ಎದಿ ಬಡಿತದ ಬಗ್ಗೆ ಯಾರೂ ಕೇಳಂಗಿಲ್ಲ. ಆದ್ರ ಆರು ತಿಂಗಳ ಔಷಧದಾಗ ನನ್ನ ಎಲ್ಲಾದಕ್ಕಿಂತ ಹೆಚ್ಚ ಕಾಡಿದ್ದು ಅದ. ಹಿಂಗಾಗಿ ಈ ಸಲ ಅಡಗಿ ವಿಷಯ ಬಿಟ್ಟು ಇದನ್ನ ಬರಿಲಿಕತ್ತೀನಿ. ನಮ್ಮ ಬಳಗದಾಗ, ಓಣ್ಯಾಗ ಯಾರಿಗೂ ಇದು ಬೇಕಾಗದಿರಲಿ. ಬೇಕಾದ್ರ ಉಪಯೋಗಕ್ಕ ಬರಲಿ.

ನನ್ನ ಬಲಗಡೆ ಮೊಲಿಯೊಳಗ ಗಂಟಿತ್ತು. ಆಪರೇಶನ್ ಆದಮ್ಯಾಲೆ 21 ದಿವಸಕ್ಕೊಂದರಂಗ 4 ಕೀಮೋ, ಆಮ್ಯಾಲೆ ವಾರಕ್ಕೊಂದರಂಗ 12 ಕೀಮೋ ಅಂತ ಡಾಕ್ಟರು ಬರದುಕೊಟ್ರು. ಮೊದಲಿನ ನಾಕರಾಗ ಕೊಡೋ ಒಂದು ಔಷಧದ ಹೆಸರು ಡಾಕ್ಸೊರುಬಿಸಿನ್. ನೋಡಲಿಕ್ಕೆ ಕೋಕಂ ಶರಬತ್ತಿನಂಗ ಕೆಂಪಗ ಇರ್ತದ. ಕೊಟ್ಟಮ್ಯಾಲೆ ಒಂದೆರಡು ದಿನ ಮೂತ್ರಾನೂ ಕೆಂಪಗ ಹೋಗ್ತದ, ಅದು ರಕ್ತ ಅಲ್ಲ, ಔಷಧದ ಬಣ್ಣ ಅಂತ ಸಿಸ್ಟರ್ ಮೊದಲ ಹೇಳಿಟ್ಟಿದ್ರು. ಈ ಔಷಧ ಕೆಲವೊಬ್ಬರಿಗೆ ಹೃದಯದ ಸ್ನಾಯುವಿಗೆ ತ್ರಾಸ ಕೊಡ್ತದಂತ. ಅದಕ್ಕ ಶುರು ಮಾಡೋಕಿಂತ ಮೊದಲ ಎಕೋ ಮಾಡಿಸಿದ್ರು. ಹೃದಯ ಒಂದೊಂದು ಬಡಿತಕ್ಕ ತನ್ನೊಳಗಿನ ರಕ್ತದಾಗ ಶೇಕಡಾ ಎಷ್ಟು ಹೊರಗ ದೂಡ್ತದ ಅಂತ ಅದರಾಗ ನೋಡ್ತಾರ. ನಂದು 62 ಇತ್ತು, ಛಲೋ ಅದ ಅಂದ್ರು.

ಅವತ್ತ ಮನಿಗೆ ಬಂದು ಹಾಲಿನ ಲೆಕ್ಕ ಬರಿಯೋ ನೋಟಬುಕ್ಕಿನ ಹಿಂದಿನ ಹಾಳ್ಯಾಗ ನನ್ನ ಎದಿ ಬಡಿತದ ಲೆಕ್ಕ ಶುರು ಮಾಡಿದೆ. ಎಣಸೋದು ಸರಳ ಅದ ನೋಡ್ರಿ. ಐದು ನಿಮಿಷ ಸುಮ್ಮನ ಕೂಡಬೇಕು. ಹೆಬ್ಬಟ್ಟಿನ ಬುಡಕ್ಕ, ಮಣಿಕಟ್ಟಿನ ಮ್ಯಾಲೆ ಮೂರು ಬಟ್ಟು ಹಗೂರಕ ಇಟ್ಟು, ಗ್ವಾಡಿ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬೇಕು. ಬಡಿತ ತಪ್ಪಿ ತಪ್ಪಿ ಬರಲಿಕತ್ತಿದ್ರ ಪೂರ್ತಿ ಒಂದು ನಿಮಿಷ ಎಣಸ್ರಿ. ದೊಡ್ಡವರಿಗೆ ಸುಮ್ಮನ ಕೂತಾಗ 60 ರಿಂದ 100 ರ ನಡುವ ಇರ್ತದ. ನಂದು ಯಾವಾಗಲೂ 76ರ ಹತ್ರ.

ಮೊದಲನೇ ಕೀಮೋ ಆಗಿ ಎರಡು ದಿನ 96, 98 ಇತ್ತು. ರಾತ್ರಿ ನಿದ್ದಿ ಇಲ್ಲ. ವಾಂತಿ ಆಗಬಾರದಂತ ಕೊಡೋ ಸ್ಟೀರಾಯ್ಡ್ ಹಂಗ ಮಾಡ್ತದ, ತಾನ ಇಳೀತದ ಅಂದ್ರು. ಇಳೀತು. ಎರಡನೇ ಕೀಮೋ ಆದ ನಾಕನೇ ದಿನ ವಾಂತಿ, ಭೇದಿ ಎರಡೂ ಹತ್ತಿದ್ವು. ಹಾಸಗಿಯಿಂದ ಎದ್ದು ನಿಂತ್ರ ಕಣ್ಣು ಕತ್ತಲಿ, ಬಡಿತ 114. ಮೈಯಾಗ ನೀರ ಕಡಿಮಿ ಆದ್ರ ರಕ್ತದ ಪ್ರಮಾಣ ಇಳೀತದ, ಇದ್ದಷ್ಟನ್ನ ತಿರುಗಿಸಲಿಕ್ಕೆ ಹೃದಯ ಓಡಬೇಕಾಗ್ತದ. ಎರಡು ಬಾಟಲಿ ಸಲಾಯಿನ್ ಹೋದಮ್ಯಾಲೆ 88ಕ್ಕ ಬಂತು.

ಖರೇ ತ್ರಾಸ ಆಗಿದ್ದು ಮೂರನೇ ಕೀಮೋ ಆದಮ್ಯಾಲೆ. ಜ್ವರ ಇಲ್ಲ, ವಾಂತಿ ಇಲ್ಲ, ನೀರು ಬೇಕಾದಷ್ಟು ಕುಡಿಲಿಕತ್ತೀನಿ. ಆದ್ರೂ ಪಡಸಾಲಿಯಿಂದ ಅಡಗಿಮನಿಗೆ ಹೋಗೋದರಾಗ ಎದಿ ಡವಡವ, ದಮ್ಮು ಬ್ಯಾರೆ. ಕೂತು ಎಣಿಸಿದ್ರೂ 110. ನೋಡಲಿಕ್ಕೆ ಬಂದವರೆಲ್ಲಾ ಒಂದ ಮಾತು: “ನೀ ಭಾಳ ವಿಚಾರ ಮಾಡ್ತಿ, ಧೈರ್ಯ ತಗೋ.” ಮಗ್ಗಲ ಮನಿ ಅಜ್ಜಿ ಪ್ರೀತಿಲೆ ತಮ್ಮ ಬಡಿತದ ಗುಳಗಿ ಅರ್ಧ ಮುರದು ಕೊಡಲಿಕ್ಕೆ ಬಂದ್ರು. ಅದನ್ನ ಅವರ ಕೈಯಾಗ ತಿರುಗಿ ಕೊಟ್ಟೆ. ಆ ರಾತ್ರಿ ನಮ್ಮನಿಯವರಿಗೆ ಕೇಳಿದೆ, “ಕೆಂಪು ಔಷಧ ನನ್ನ ಹೃದಯಾನ ಕೆಡಿಸಿಬಿಟ್ಟದೇನು? ಹಂಗಿದ್ರ ಕೀಮೋ ನಿಲ್ಲಸ್ತಾರೇನು?” ಅವರಿಗೂ ಉತ್ತರ ಗೊತ್ತಿಲ್ಲ. ಎದ್ದು ದೀಪ ಹಚ್ಚಿ, “ಮತ್ತೊಮ್ಮೆ ಎಣಸೋಣು, ನಾ ಗಡಿಯಾರ ನೋಡ್ತೀನಿ,” ಅಂದ್ರು.

ಮುಂಜಾನೆ ನೋಟಬುಕ್ ತಗೊಂಡ ಹೋದ್ವಿ. ಡಾಕ್ಟರು ಮೂರು ವಾರದ ಅಂಕಿ ಓದಿ ರಕ್ತ ತಪಾಸಣಿಗೆ, ಎಕೋಕ್ಕ, ಇಸಿಜಿಗೆ ಕಳಿಸಿದ್ರು. ಎಕೋ 60. ಹೃದಯಕ್ಕೇನೂ ಆಗಿರಲಿಲ್ಲ. ಹಿಮೋಗ್ಲೋಬಿನ್ 7.4 ಆಗಿತ್ತು! ಹೆಣ್ಣಮಕ್ಕಳಿಗೆ 12ರ ಮ್ಯಾಲೆ ಇರಬೇಕು. ಡಾಕ್ಟರು ಹೇಳಿದ್ದನ್ನ ನಾ ನಮ್ಮ ಭಾಷಾದಾಗ ಹೇಳ್ತೀನಿ: ಕೊಡ ಸಣ್ಣದಾದ್ರ ನೀರಿಗೆ ಹೆಚ್ಚ ಸಲ ಹೋಗಬೇಕಲ್ಲ, ಹಂಗ. ಎರಡು ಬಾಟಲಿ ರಕ್ತ ಏರಿಸಿದ್ರು. ಎರಡು ದಿನದಾಗ ಬಡಿತ 92ಕ್ಕ ಇಳೀತು, ಅಡಗಿಮನಿ ಹತ್ರ ಬಂತು!

ಗುಳಗಿ ವಿಷಯಾನೂ ಕೇಳಿದೆ. ಕಾರಣ ಹುಡಕದ ಬಡಿತ ಇಳಿಸೋ ಗುಳಗಿ ನುಂಗೋದಂದ್ರ ಹಾಲು ಉಕ್ಕಲಿಕತ್ತಾಗ ಉರಿ ಸಣ್ಣ ಮಾಡೋದ ಬಿಟ್ಟು ಮುಚ್ಚಳ ಒತ್ತಿ ಹಿಡದಂಗ ಅಂತ ನನಗ ತಿಳೀತು. ಡಾಕ್ಟರು ತಾವ ನೋಡಿ ಕೊಟ್ರ ಆ ಮಾತು ಬ್ಯಾರೆ.

ನಾಕನೇ ಕೀಮೋ ಆದ ಹತ್ತನೇ ದಿನ ರಾತ್ರಿ 2 ಗಂಟೇಕ್ಕ ಚಳಿ ಬಂತು. ಜ್ವರ 100.8, ಬಡಿತ 126. ಕೀಮೋ ನಡದಾಗ 100.4 ಡಿಗ್ರಿ ಜ್ವರ ಬಂದ್ರ ಮುಂಜಾನಿತನಕ ಕಾಯಬಾರದು ಅಂತ ಹೇಳಿಟ್ಟಿದ್ರು, ಆ ಕ್ಷಣಾನ ಹೋದ್ವಿ. ಬಿಳಿ ರಕ್ತಕಣ ಭಾಳ ಇಳದಿದ್ವು. ನಾಕು ದಿನ ದವಾಖಾನ್ಯಾಗ ಇಟಗೊಂಡು ಆಂಟಿಬಯಾಟಿಕ್ ಕೊಟ್ರು.

ಹೆದರಿಕಿಲೆ ಬಡಿತ ಏರೋದಿಲ್ಲ ಅಂತ ನಾ ಹೇಳಂಗಿಲ್ಲ. ಪ್ರತಿ ಕೀಮೋದ ಹಿಂದಿನ ರಾತ್ರಿ ನಂದು 100 ದಾಟತಿತ್ತು. ಕೂತು ನಾಕು ಎಣಸೋತನಕ ಉಸರು ಒಳಗ, ಆರು ಎಣಸೋತನಕ ಹೊರಗ, ಹಿಂಗ ಹತ್ತು ನಿಮಿಷ ಮಾಡಿದ್ರ 84ಕ್ಕ ಬರತಿತ್ತು. ರಕ್ತ ಕಡಿಮಿ ಆದಾಗ ಇದನ್ನ ಎಷ್ಟ ಮಾಡಿದ್ರೂ ಇಳೀಲಿಲ್ಲ. ಇಳದ್ರೂ ಬಿಟ್ರೂ ನೋಟಬುಕ್ಕಿನಾಗ ಬರದೆ, ಡಾಕ್ಟರಿಗೆ ತೋರಿಸಿದೆ.

ಮನ್ಯಾಗ ಮಾಡಿಕೊಂಡಿದ್ದು ಇಷ್ಟು. ಒಂದು ಲೀಟರ್ ತಂಬಿಗಿ ತುಂಬಿ ಮಗ್ಗಲದಾಗ ಇಟಗೊಂಡು ದಿನಕ್ಕ ಎರಡು ಸಲ ಖಾಲಿ ಮಾಡೋದು. ಭೇದಿ ಆದ್ರ ಓಆರ್‌ಎಸ್. ಚಹಾ ಅರ್ಧ ಕಪ್ಪಿಗೆ ಇಳಿಸಿದ್ದು. ಎದ್ದಕೂಡ್ಲೆ ನಿಂದರದ ಎರಡು ನಿಮಿಷ ಹಾಸಗಿ ಅಂಚಿಗೆ ಕೂಡೋದು. ಕಾಯಿಪಲ್ಯಾ ಕೂತು ಹೆಚ್ಚೋದು, ಸ್ಟೂಲ್ ಮ್ಯಾಲೆ ಕೂತು ಬೆಚ್ಚಗಿನ ನೀರಿಲೆ ಸ್ನಾನ. ಮೈ ಹಗೂರಿದ್ದ ದಿನ ಅಂಗಳದಾಗ ನಿಧಾನ ಹತ್ತು ಸುತ್ತು. ಬಿಪಿ ಪಟ್ಟಿ ಮಾತ್ರ ಎಡಗೈಗೆ, ಆಪರೇಶನ್ ಆದ ಕಡೆ ಕೈಗೆ ಅಲ್ಲ.

ಕೂತಾಗೂ 100ರ ಕೆಳಗ ಬರವಲ್ತು ಅಂದ್ರ ಅದ ದಿನ ಫೋನ್ ಮಾಡಿ ಕೇಳ್ರಿ. ಎದಿ ನೋವು, ಮಲಕೊಂಡ್ರ ದಮ್ಮು, ಒಂದ ಕಾಲು ಬಾತಿದ್ದು, ತಲಿ ತಿರುಗಿ ಬಿದ್ದದ್ದು, ಇವು ಇದ್ರ ಫೋನ್ ಅಲ್ಲ, ನೇರ ದವಾಖಾನಿಗೇ.

ಈಗ ಹನ್ನೆರಡೂ ವಾರದ ಕೀಮೋ ಮುಗದು ಐದು ತಿಂಗಳಾತು. ಇವತ್ತ ಮುಂಜಾನೆ 80 ಇತ್ತು. ಮಾಳಗಿ ಪಾವಟಿಗಿ ಹತ್ತಿ ಹಪ್ಪಳ ಒಣಗ ಹಾಕಿ ಬಂದೆ, ನಡುವ ಒಮ್ಮೆ ನಿಂತೆ ಅಷ್ಟ.

ನಿಮ್ಮ ಮನ್ಯಾಗ ಔಷಧ ನಡದ ಅಕ್ಕಾನೋ, ವೈನೀನೋ, ಸೊಸೀನೋ “ಎದಿ ಹೊಡಕೊಳ್ಳಿಕತ್ತದ” ಅಂದ್ರ ಧೈರ್ಯದ ಮಾತು ಆಮ್ಯಾಲೆ ಹೇಳ್ರಿ. ಮೊದಲ ಆಕಿ ಮಣಿಕಟ್ಟು ಹಿಡದು ಎಣಸ್ರಿ, ಬರದಿಡ್ರಿ. ಏನರೆ ಕೇಳೋದಿದ್ರ ಮಧ್ಯಾಹ್ನ ಮೂರರ ಮ್ಯಾಲೆ ಫೋನ್ ಮಾಡ್ರಿ, ಎದ್ದಿರ್ತೀನಿ.