ಉರಿಯುವ ಮಂಜುಗಡ್ಡೆಯ ಲೆಕ್ಕ

ನನ್ನ ಅಬ್ಬ ಗಲ್ಫಿನ ಅನಿಲ ಸ್ಥಾವರವೊಂದರಲ್ಲಿ ಪೈಪ್‌ಲೈನ್ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಯಿತು. ಕಾಪುವಿನಲ್ಲಿ ಇಂಥ ಮನೆ ನಮ್ಮದೊಂದೇ ಅಲ್ಲ. ನಮ್ಮ ತರಗತಿಯಲ್ಲೇ ಎಷ್ಟೋ ಮಂದಿಯ ತಂದೆಯವರು ಅಲ್ಲಿದ್ದಾರೆ. ಅವರು ಅಲ್ಲಿ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾವು ಹೇಳುವುದು "ಕಂಪೆನಿಯಲ್ಲಿ" ಎಂದಷ್ಟೇ.

ಕಳೆದ ಚಳಿಗಾಲದಲ್ಲಿ ಎರಡು ದಿನ ಅಬ್ಬನ ಫೋನ್ ಬರಲಿಲ್ಲ. ಮೂರನೆಯ ದಿನ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಬಂತು: "ಲೈನ್ ಬ್ಲಾಕ್ ಆಗಿತ್ತು ಮೋಳೆ, ಹೈಡ್ರೇಟ್. ಎಲ್ಲ ಸರಿಯಾಯಿತು." ಎಲ್ಲ ಸರಿಯಾಗಿರಲಿಲ್ಲ. ಗಡ್ಡೆಯ ಒಂದು ಬದಿಯ ಒತ್ತಡವನ್ನು ಅವಸರದಲ್ಲಿ ಇಳಿಸಿದ್ದರಿಂದ ಅದು ಪೈಪಿನೊಳಗೆ ಗುಂಡಿನಂತೆ ಹಾರಿ ಒಂದು ಬಾಗನ್ನು ಒಡೆದಿತ್ತು. ಅಬ್ಬನ ಕೋಣೆಯಲ್ಲೇ ಇದ್ದ ಒಬ್ಬರ ಕೈ ಮುರಿದು ಅವರನ್ನು ಊರಿಗೆ ಕಳಿಸಿದರು. ಇದು ನಮಗೆ ತಿಳಿದದ್ದು ಅವರ ಮನೆಯವರಿಂದ.

ಮರುಭೂಮಿಯ ಊರಿನಲ್ಲಿ ಮಂಜುಗಡ್ಡೆ ಹೇಗೆ? ಆ ಪ್ರಶ್ನೆಯನ್ನೇ ನಾನು ನಮ್ಮ ಕೆಮಿಸ್ಟ್ರಿ ಸರ್ ಬಳಿ ತೆಗೆದುಕೊಂಡು ಹೋದೆ.

ಹೈಡ್ರೇಟ್ ನೋಡಲು ಮಂಜುಗಡ್ಡೆಯಂತಿದ್ದರೂ ಮಂಜುಗಡ್ಡೆಯಲ್ಲ. ಒತ್ತಡ ಹೆಚ್ಚಿದಾಗ ನೀರಿನ ಅಣುಗಳು ಕೈ ಕೈ ಹಿಡಿದು ಪಂಜರ ಕಟ್ಟುತ್ತವೆ, ಒಳಗೆ ಮೀಥೇನ್ ಸಿಕ್ಕಿಬೀಳುತ್ತದೆ. ನೀರಿಗೂ ಮೀಥೇನ್‌ಗೂ ನಡುವೆ ರಾಸಾಯನಿಕ ಬಂಧವೇ ಇಲ್ಲ. ಮೀಥೇನ್ ಹೈಡ್ರೇಟಿನ ಒಂದು ಘಟಕದಲ್ಲಿ 46 ನೀರಿನ ಅಣುಗಳು, 8 ಪಂಜರಗಳು: ಎರಡು ಚಿಕ್ಕವು, ಆರು ದೊಡ್ಡವು. ಪಂಜರ ಖಾಲಿ ಇದ್ದರೆ ಕುಸಿಯುತ್ತದೆ, ಅತಿಥಿ ಇದ್ದರೆ ಮಾತ್ರ ಮನೆ ನಿಲ್ಲುತ್ತದೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 160 ಘನ ಮೀಟರ್ ಅನಿಲ ಹೊರಬರುತ್ತದೆ. ಬೆಂಕಿ ಮುಟ್ಟಿಸಿದರೆ ಗಡ್ಡೆಯೇ ಉರಿಯುವಂತೆ ಕಾಣುತ್ತದೆ.

1934ರಲ್ಲಿ ಅಮೆರಿಕದ ಹ್ಯಾಮರ್‌ಸ್ಮಿತ್, ಅನಿಲದ ಪೈಪುಗಳನ್ನು ಕಟ್ಟಿಹಾಕುತ್ತಿದ್ದುದು ಬರೀ ಮಂಜಲ್ಲ, ಹೈಡ್ರೇಟ್ ಎಂದು ತೋರಿಸಿದರು. ಅನಿಲದಲ್ಲಿ ಈಥೇನ್, ಪ್ರೊಪೇನ್ ಬೆರೆತಿದ್ದರೆ, ಒತ್ತಡವೂ ಇದ್ದರೆ, ಸೊನ್ನೆ ಡಿಗ್ರಿಗಿಂತ ಬಹಳ ಮೇಲೆಯೇ ಅದು ಗಟ್ಟಿಯಾಗುತ್ತದೆ. ಗಲ್ಫಿನ ಚಳಿಗಾಲದ ರಾತ್ರಿ ಸಾಕು. 2010ರ ಮೇ ತಿಂಗಳಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲ ಸೋರಿಕೆಯನ್ನು ಹಿಡಿಯಲು ಸಮುದ್ರದಾಳಕ್ಕೆ ಇಳಿಸಿದ ದೊಡ್ಡ ಉಕ್ಕಿನ ಗುಮ್ಮಟವನ್ನೂ ಇದೇ ಹೈಡ್ರೇಟ್ ಕಟ್ಟಿಹಾಕಿತು.

"ಎಷ್ಟು ಒತ್ತಡ, ಎಷ್ಟು ಉಷ್ಣತೆ ಎಂದು ಮೊದಲೇ ಹೇಳಬಹುದಾ ಸರ್?" ಎಂದು ಕೇಳಿದೆ. ಸರ್ ಎರಡೇ ಅಂಕಿ ಕೊಟ್ಟರು. ಶುದ್ಧ ಮೀಥೇನ್‌ಗೆ 0 ಡಿಗ್ರಿಯಲ್ಲಿ ಸುಮಾರು 26 ಬಾರ್, 10 ಡಿಗ್ರಿಯಲ್ಲಿ ಸುಮಾರು 71 ಬಾರ್. "5 ಡಿಗ್ರಿಯಲ್ಲಿ ಎಷ್ಟು, ನೀನೇ ಹೇಳು."

ನಡುವಿನದ್ದು 48 ಎಂದು ಹೇಳಿಬಿಡುವ ಹಾಗಿಲ್ಲ. ಒತ್ತಡದ ಲಾಗರಿದಮ್ ಅನ್ನು ಕೆಲ್ವಿನ್ ಉಷ್ಣತೆಯ ವಿಲೋಮದ ಎದುರು ಗುರುತಿಸಿದರೆ ಹೆಚ್ಚುಕಡಿಮೆ ಸರಳರೇಖೆ ಬರುತ್ತದೆ. ಆ ರೇಖೆಯ ಓಟ ಸುಮಾರು 7,770 ಕೆಲ್ವಿನ್. ಅದರಿಂದ 5 ಡಿಗ್ರಿಗೆ ಸಿಕ್ಕಿದ್ದು 43 ಬಾರ್. ಪ್ರಯೋಗಾಲಯದಲ್ಲಿ ಅಳೆದದ್ದೂ ಅದರ ಹತ್ತಿರವೇ ಇದೆ. ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್, ಅಷ್ಟೇ ಖರ್ಚು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ!

7,770ನ್ನು 8.314ರಿಂದ ಗುಣಿಸಿದರೆ ಒಂದು ಮೋಲ್ ಮೀಥೇನನ್ನು ಪಂಜರದಿಂದ ಬಿಡಿಸಲು ಬೇಕಾದ ಶಾಖ ಬರಬೇಕು: 64.6 ಕಿಲೋಜೂಲ್. ಅಳೆದ ಬೆಲೆ ಸುಮಾರು 54. ಈ ಅಂತರದ ದೊಡ್ಡ ಪಾಲು ಬರುವುದು ನಮ್ಮ ಸೂತ್ರವು ಮೀಥೇನನ್ನು ಆದರ್ಶ ಅನಿಲವೆಂದು ತಿಳಿಯುವುದರಿಂದ. ಸಂಪೀಡ್ಯತಾ ಗುಣಾಂಕಕ್ಕೆ ಇಲ್ಲಿ ನಿಜವಾದ ಕೆಲಸವಿದೆ.

ದೊಡ್ಡವರು ಮಾಡುವ ಲೆಕ್ಕ ಇನ್ನೂ ಆಳದ್ದು. 1959ರಲ್ಲಿ ವಾನ್ ಡರ್ ವಾಲ್ಸ್ ಮತ್ತು ಪ್ಲಾಟ್ಯೂ ಪ್ರತಿ ಪಂಜರ ತುಂಬಿರುವ ಸಂಭವನೀಯತೆ ಎಷ್ಟು ಎಂಬಲ್ಲಿಂದ ಹೊರಟರು. (ಇವರು ನಮ್ಮ ಪಠ್ಯದ ವಾನ್ ಡರ್ ವಾಲ್ಸ್ ಅಲ್ಲ, ಬೇರೆಯವರು.) ಅವರ ಸಮೀಕರಣ ಲ್ಯಾಂಗ್ಮ್ಯೂರ್ ಸೂತ್ರದ ರೂಪದ್ದೇ. ಆ ಪಾಠ ಈಗ ನಮ್ಮ ಪುಸ್ತಕದಲ್ಲಿಲ್ಲ, ಅಣ್ಣನ ಹಳೆಯ ಪುಸ್ತಕದಲ್ಲಿದೆ. ಪಾಠ ಕಡಿಮೆಯಾಯಿತೆಂದು ಖುಷಿಪಟ್ಟವರಿಗೆ ಇದು ಸಣ್ಣ ದುಃಖದ ಸುದ್ದಿ.

ನಮ್ಮ ಕಡಲಿನಲ್ಲಿ ಇದೆಯೇ? ಹತ್ತು ಮೀಟರ್ ಇಳಿದರೆ ಒತ್ತಡ ಸುಮಾರು ಒಂದು ಬಾರ್ ಏರುತ್ತದೆ. ದೀಪಸ್ತಂಭದ ಎದುರಿನ ನೀರು ತೀರಾ ಆಳವಿಲ್ಲದ್ದು, ಬೆಚ್ಚಗಿನದು. 50 ಮೀಟರ್ ಆಳದಲ್ಲಿ ಬಲೆ ಎಳೆಯುವ ಮಲ್ಪೆಯ ಬೋಟಿನ ಅಡಿಯಲ್ಲೂ ಸಿಗುವುದು ಆರು ಬಾರ್ ಮಾತ್ರ. ಒಂದು ಸಾವಿರ ಮೀಟರಿಗೆ ಹೋದರೆ ಲೆಕ್ಕ "ಆಗಬಹುದು" ಎನ್ನುತ್ತದೆ. 2006ರಲ್ಲಿ ನಮ್ಮ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದವರು ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗಿನಲ್ಲಿ ಮುಂಬೈಯಿಂದ ಹೊರಟು ಕೇರಳ–ಕೊಂಕಣ ಜಲಾನಯನದಲ್ಲಿ, ಎರಡು ಸಾವಿರ ಮೀಟರಿಗಿಂತ ಆಳದ ನೀರಿನಲ್ಲಿ, ಕೊರೆದು ನೋಡಿದರು. ಹೈಡ್ರೇಟ್ ಸಿಗಲಿಲ್ಲ. ಒತ್ತಡವಿತ್ತು, ತಂಪಿತ್ತು, ಪಂಜರ ತುಂಬುವಷ್ಟು ಮೀಥೇನ್ ಇರಲಿಲ್ಲ. ಅದೇ ಹಡಗಿಗೆ ಆಚೆ ಕರಾವಳಿಯ ಕೃಷ್ಣಾ–ಗೋದಾವರಿ ಜಲಾನಯನದಲ್ಲಿ ಸುಮಾರು 130 ಮೀಟರ್ ದಪ್ಪದ ಹೈಡ್ರೇಟ್ ಪದರವೇ ಸಿಕ್ಕಿತು. ಲೆಕ್ಕ ಹೇಳುವುದು ಮನೆ ಕಟ್ಟಬಹುದಾದ ಜಾಗವನ್ನು, ಅತಿಥಿ ಬಂದಿದ್ದಾನೋ ಇಲ್ಲವೋ ಎಂಬುದನ್ನಲ್ಲ. ನನಗೆ ಇದು ನಿರಾಸೆ ತರಲಿಲ್ಲ. ನಮ್ಮ ಮೀನುಗಾರರ ನೆರೆಯಲ್ಲಿ ಡ್ರಿಲ್ಲಿಂಗ್ ಬರದಿದ್ದರೆ ಒಳ್ಳೆಯದೇ.

ಈಗ ಮನೆಯಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿದೆ. ನಾನು ಕೆಮಿಕಲ್ ಎಂಜಿನಿಯರಿಂಗ್ ಕೇಳಿದ್ದೇನೆ. ಸುರತ್ಕಲ್‌ನಲ್ಲಿದೆ, ಮಣಿಪಾಲದಲ್ಲೂ ಇದೆ, ಎರಡೂ ಬಸ್ಸಿನ ದೂರ. ಹೆಣ್ಣು ಮಗುವಿಗೆ ಪೈಪು, ಪ್ಲಾಂಟು ಯಾಕೆ, ಫಾರ್ಮಸಿ ಆಗದೇ ಎಂದು ಮಾಮ ಕೇಳುತ್ತಾರೆ. ಉಮ್ಮ ಎರಡೂ ಕಡೆಗೆ ತಲೆಯಾಡಿಸುತ್ತಾರೆ. ಅಬ್ಬನಿಗೆ ನನ್ನ ಹಾಳೆಯ ಫೋಟೋ ಕಳಿಸಿದ್ದೆ. ಫೀಸಿನ ಮಾತೂ ಇಲ್ಲ, ಮಾಮನ ಮಾತೂ ಇಲ್ಲ. ಒಂದೇ ಪ್ರಶ್ನೆ ಬಂತು: ನಾವು ಲೈನಿಗೆ ಗ್ಲೈಕಾಲ್ ಹಾಕುತ್ತೇವಲ್ಲ, ಅದನ್ನು ಹಾಕಿದರೆ ನಿನ್ನ ಗೆರೆ ಎಷ್ಟು ಸರಿಯುತ್ತದೆ?

ಮಲ್ಪೆಯಲ್ಲಿ ಮೀನಿನ ಐಸಿಗೆ ಉಪ್ಪು ಹಾಕಿದಂತೆಯೇ ಅದು, ಗಡ್ಡೆಕಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದಕ್ಕೆ ಹ್ಯಾಮರ್‌ಸ್ಮಿತ್‌ರದ್ದೇ ಒಂದು ಸೂತ್ರವಿದೆಯಂತೆ. ಸೋಮವಾರ ಸರ್ ತರುತ್ತೇನೆಂದಿದ್ದಾರೆ.